ಕಳಚದೆಯೇ ಸಮವಾದ ರೀಲು: 11 ವರ್ಷ ನಿಂತಿದ್ದ ಪೆಟ್ರೋಲ್ ಹುಲ್ಲು ಯಂತ್ರ, ನನ್ನ ಅನುಭವ

11 ವರ್ಷ ಶೆಡ್ಡಿನ ಮೂಲೆ ಹಿಡಿದಿದ್ದ ಪೆಟ್ರೋಲ್ ರೀಲ್ ಯಂತ್ರವೊಂದು ಈಗ ಒಂದು ಇಡೀ ಹಂಗಾಮು ಹುಲ್ಲು ಕತ್ತರಿಸಿ ಮುಗಿಸಿದೆ. ಅದರ ರೀಲನ್ನು, ಅಂದರೆ ಹುಲ್ಲು ಕತ್ತರಿಸುವ ಸುರುಳಿ ಬ್ಲೇಡುಗಳ ಉರುಳೆಯನ್ನು, ನಾನು ಯಾವ ಗ್ರೈಂಡಿಂಗ್ ಯಂತ್ರಕ್ಕೂ ಕಳುಹಿಸಲಿಲ್ಲ. ಚೌಕಟ್ಟಿನಲ್ಲೇ ಕೂರಿಸಿ, ಅದರದೇ ಬೇರಿಂಗುಗಳ ಮೇಲೆ ತಿರುಗಿಸಿ ಸಮ ಮಾಡಿದೆ. ಹೀಗೆ ಮಾಡಿದರೆ ರೀಲು ಇನ್ನಷ್ಟು ಕೆಡುತ್ತದೆಯೇ ಹೊರತು ಸರಿಯಾಗುವುದಿಲ್ಲ ಎಂದು ಈ ಕಸುಬಿನಲ್ಲಿ ನನಗಿಂತ ಹೆಚ್ಚು ವರ್ಷ ಪಳಗಿದ ಇಬ್ಬರು ಹೇಳಿದ್ದರು, ಮತ್ತು ಮೊದಲ ಎರಡು ಸಲ ಅವರ ಮಾತೇ ನಿಜವಾಯಿತು. ಮೂರನೆಯ ಸಲ ಕೆಲಸ ಕೈಗೂಡಿತು. ಆ ಎರಡು ಸೋಲುಗಳಿಗೆ ಕಾರಣವೇನು, ಮೂರನೆಯ ಸಲ ಏನು ಬದಲಾಯಿತು ಎಂಬುದು ಇಂಥ ಯಂತ್ರ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಅಳತೆಗಳನ್ನು ಬಹುಮಟ್ಟಿಗೆ ನೆನಪಿನಿಂದಲೇ ಕೊಡುತ್ತಿದ್ದೇನೆ, ಅಲ್ಲಲ್ಲಿ ಒಂದೆರಡು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರಬಹುದು.

ಯಂತ್ರ 14 ಇಂಚು ಅಗಲದ್ದು. 6 ಬ್ಲೇಡುಗಳ ರೀಲು, 100 ಸಿಸಿಗಿಂತ ತುಸು ಕಡಿಮೆಯ ಸೈಡ್ ವಾಲ್ವ್ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ) ಫೋರ್ ಸ್ಟ್ರೋಕ್ ಎಂಜಿನ್, ಫ್ಲೈವೀಲಿನ ಅಡಿಯಲ್ಲಿ ಪಾಯಿಂಟ್ಸ್ (ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಕಡಿಯುವ ಲೋಹದ ಜೋಡಿ), ಹಿಂದೆ ಎರಡು ತುಂಡಿನ ಲೋಹದ ರೋಲರ್. ಕೊನೆಯ ಸಲ ಬಳಸಿದವರು ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೆಯೇ ಬಿಟ್ಟು, ರೀಲಿನ ಅಡಿಯಲ್ಲಿ ಅಲುಗದೆ ಕೂರುವ ಕೆಳಬ್ಲೇಡಿನ ಮೇಲೆ ಹಸಿ ಹುಲ್ಲು ಮೆತ್ತಿಕೊಂಡಂತೆಯೇ ನಿಲ್ಲಿಸಿದ್ದರು. ಹುಲ್ಲು ಒಣಗಿ ಹಿಟ್ಟಾಗಿತ್ತು, ಅದರ ಅಡಿಯ ಕಬ್ಬಿಣ ಪದರ ಪದರವಾಗಿ ಏಳುತ್ತಿತ್ತು. ಸ್ಟಾರ್ಟರ್ ಹಗ್ಗ ಎಳೆದರೆ ಒಂದು ಅಂಗುಲವೂ ಬರಲಿಲ್ಲ. ರೀಲು ತಿರುಗಲಿಲ್ಲ. ರೋಲರಿನ ಎರಡು ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಕಂಬದಂತಾಗಿದ್ದವು. ರೀಲಿನ ಗ್ರೈಂಡಿಂಗಿಗೆಂದು ವಿಚಾರಿಸಿದಾಗ ಹೇಳಿದ ಮೊತ್ತ ಅದೇ ಅಗಲದ ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಭಾಗಕ್ಕೆ ಹತ್ತಿರವಿತ್ತು. ಅದರ ಮೇಲೆ ಹೊಸ ಕೆಳಬ್ಲೇಡು, ಬೇರಿಂಗು, ಸಾಗಣೆಯ ಖರ್ಚು ಸೇರಿದರೆ ಅರ್ಧವನ್ನು ದಾಟುತ್ತಿತ್ತು. ಎಂಜಿನ್ ಓಡುತ್ತದೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ ಅಷ್ಟು ಹಣ ಸುರಿಯಲು ನಾನು ಸಿದ್ಧನಿರಲಿಲ್ಲ.

ಆದ್ದರಿಂದ ಎಂಜಿನ್ನಿನಿಂದಲೇ ಆರಂಭಿಸಿದೆ. ಪ್ಲಗ್ ತೆಗೆದು, ತುಕ್ಕು ಸಡಿಲಿಸುವ ಪೆನೆಟ್ರೇಟಿಂಗ್ ಆಯಿಲನ್ನು ಸಿಲಿಂಡರಿನೊಳಗೆ ಸುರಿದು, ಪ್ರತಿದಿನ ಬೆಳಿಗ್ಗೆ ಫ್ಲೈವೀಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಎರಡೂ ದಿಕ್ಕಿಗೆ ಮೆಲ್ಲಗೆ ಒತ್ತಿ ನೋಡುತ್ತಿದ್ದೆ. ಒಂಬತ್ತನೆಯ ದಿನ ಫ್ಲೈವೀಲು ಕಿರುಬೆರಳಿನ ಅಗಲದಷ್ಟು ಕದಲಿತು, ಅದೇ ಸಂಜೆ ಪೂರ್ತಿ ಸುತ್ತು ಬಂತು. ಇಲ್ಲಿ ಅವಸರ ಮಾಡಿ ಉದ್ದನೆಯ ಪೈಪು ಸಿಕ್ಕಿಸಿ ಎಳೆದವರ ಕನೆಕ್ಟಿಂಗ್ ರಾಡು ಬಾಗಿದ್ದನ್ನು ನಾನು ಬಲ್ಲೆ. ಹೆಡ್ ತೆಗೆದು ನೋಡಿದಾಗ ಎಕ್ಸಾಸ್ಟ್ ವಾಲ್ವು ಅರ್ಧ ತೆರೆದ ಸ್ಥಿತಿಯಲ್ಲಿಯೇ ಗೈಡಿನೊಳಗೆ ಹಿಡಿದುಕೊಂಡಿತ್ತು, ಸೀಟಿನ ಮೇಲೆ ತುಕ್ಕಿನ ಉಂಗುರವಿತ್ತು. ವಾಲ್ವು ಬಿಡಿಸಿ, ಗೈಡನ್ನು ಸ್ವಚ್ಛಗೊಳಿಸಿ, ಸಾಣೆ ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜಿದೆ. ಸುತ್ತಲೂ ಒಂದೇ ಅಗಲದ ಬೂದುಬಣ್ಣದ ಗೆರೆ ಮೂಡುವವರೆಗೆ ಉಜ್ಜಿದ ಮೇಲೆ ಟ್ಯಾಪೆಟ್ ಅಂತರವನ್ನು (ವಾಲ್ವಿಗೂ ಅದನ್ನು ಎತ್ತುವ ಭಾಗಕ್ಕೂ ನಡುವಿನ ಸಂದನ್ನು) ಸುಮಾರು 0.15 ಮಿ.ಮೀ.ಗೆ ತಂದೆ. ಈ ಭಾಗವನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಟ್ಯಾಂಕಿನಲ್ಲಿ ಪೆಟ್ರೋಲ್ ಎಂಬುದು ಉಳಿದಿರಲಿಲ್ಲ, ತಳದಲ್ಲಿ ಮೆರುಗೆಣ್ಣೆಯಂಥ ಕಂದು ಪದರವಿತ್ತು. ಹಿಡಿಯಷ್ಟು ಹಳೆಯ ನಟ್ಟುಗಳನ್ನು ಒಳಗೆ ಹಾಕಿ ಅಲ್ಲಾಡಿಸಿ, ನಂತರ ಸಿಟ್ರಿಕ್ ಆಸಿಡ್ ದ್ರಾವಣವನ್ನು ಒಂದು ರಾತ್ರಿ ನಿಲ್ಲಿಸಿ, ಸೋಡಾ ಪುಡಿ ಕರಗಿಸಿದ ನೀರಿನಿಂದ ತೊಳೆದು ಒಣಗಿಸಿದೆ. ಕಾರ್ಬ್ಯುರೇಟರಿನೊಳಗೆ ತೇಲಿ ಪೆಟ್ರೋಲಿನ ಮಟ್ಟ ಕಾಯುವ ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ದ್ರವದ ಸದ್ದು ಕೇಳಿಸುತ್ತಿತ್ತು. ಬಿಸಿನೀರಿನಲ್ಲಿ ಮುಳುಗಿಸಿದಾಗ ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳ ಸಾಲು ಹೊರಟಿತು. ಒಳಗೆ ಪೆಟ್ರೋಲಿರುವ ಫ್ಲೋಟಿಗೆ ನೇರವಾಗಿ ಬೆಸುಗೆ ಹಾಕುವುದು ಅಪಾಯ. ಅದನ್ನು ಪೂರ್ತಿ ಖಾಲಿ ಮಾಡಿ, ನಾಲ್ಕು ದಿನ ಗಾಳಿಗಿಟ್ಟು, ಅನಂತರವೇ ತೆಳುವಾಗಿ ಬೆಸುಗೆ ಹಾಕಿದೆ. ಬೆಸುಗೆ ದಪ್ಪವಾದರೆ ಫ್ಲೋಟಿನ ತೂಕ ಹೆಚ್ಚುತ್ತದೆ, ಪೆಟ್ರೋಲಿನ ಮಟ್ಟವೂ ಏರುತ್ತದೆ. ರಿಪೇರಿ ಕಿಟ್ ಎಂದು ಹಣ ಕೊಟ್ಟು ತರಿಸಿದ್ದರಲ್ಲಿ ಗ್ಯಾಸ್ಕೆಟ್ಟುಗಳ ತೂತುಗಳೇ ಹೊಂದಲಿಲ್ಲ. ಕೊನೆಗೆ ಗ್ಯಾಸ್ಕೆಟ್ ಹಾಳೆಯಿಂದ ನಾನೇ ಕತ್ತರಿಸಿಕೊಂಡೆ. ಆ ಕಿಟ್ಟಿಗೆ ಕೊಟ್ಟ ಹಣದಲ್ಲಿ ಅಂಥ ಹತ್ತು ಹಾಳೆ ಬರುತ್ತಿತ್ತು.

ಕಿಡಿಯ ವಿಷಯದಲ್ಲಿ ಮೂರು ವಾರಾಂತ್ಯಗಳು ಹಾಳಾದವು. ಪಾಯಿಂಟ್ಸ್ ಮೇಲೆ ಕೂತಿದ್ದ ಆಕ್ಸೈಡ್ ಪೊರೆಯನ್ನು ನಯವಾದ ಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಿಳಿ ರಟ್ಟಿನ ತುಂಡನ್ನು ಅವುಗಳ ನಡುವೆ ಎಳೆದು, ಅಂತರವನ್ನು 0.5 ಮಿ.ಮೀ.ಗೆ ಇಟ್ಟಾಗ ಒಳ್ಳೆಯ ನೀಲಿ ಕಿಡಿ ಬಂತು. ಪಾಯಿಂಟ್ಸ್ ಸುಡದಂತೆ ಕಾಯುವ ಹಳೆಯ ಕಂಡೆನ್ಸರಿನಲ್ಲಿ ವಿದ್ಯುತ್ ಸೋರುತ್ತಿತ್ತು. ಹೊಸದಕ್ಕೆ ಬದಲಾಗಿ 0.22 ಮೈಕ್ರೋಫ್ಯಾರಡಿನ, 630 ವೋಲ್ಟ್ ತಾಳುವ ಫಿಲ್ಮ್ ಕೆಪಾಸಿಟರ್ ಒಂದನ್ನು ಎಂಜಿನ್ನಿನ ಬಿಸಿ ತಾಗದ ಜಾಗದಲ್ಲಿ ಕೂರಿಸಿದೆ. ಅದು ಪ್ರಯೋಗಕ್ಕೆಂದು ಹಾಕಿದ್ದು, ಇಂದಿಗೂ ಅದೇ ಕೆಲಸ ಮಾಡುತ್ತಿದೆ, ಪಾಯಿಂಟ್ಸ್ ಕಪ್ಪಾಗುವುದೂ ಕಡಿಮೆಯಾಗಿದೆ. ಇಷ್ಟಾದರೂ ಎಂಜಿನ್ ಕೆಮ್ಮುತ್ತಿತ್ತು, ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುತ್ತಿತ್ತು, ಆದರೆ ಓಡುತ್ತಿರಲಿಲ್ಲ. ಕಿಡಿ ಇದೆ, ಪೆಟ್ರೋಲ್ ಇದೆ, ಕಂಪ್ರೆಶನ್ ಇದೆ. ಕಾರ್ಬ್ಯುರೇಟರನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದೆ. ಕೊನೆಗೆ ಫ್ಲೈವೀಲನ್ನು ಮತ್ತೊಮ್ಮೆ ಎಳೆದು, ಅದನ್ನು ದಂಡದ ಮೇಲೆ ಜರುಗದಂತೆ ಹಿಡಿದಿಡುವ ಸಣ್ಣ ಲೋಹದ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಅದು ಅರ್ಧದಷ್ಟು ಕತ್ತರಿಸಿ, ಒಂದು ಮೆಟ್ಟಿಲಿನಂತೆ ಜರುಗಿ ನಿಂತಿತ್ತು. ಹಿಂದೆ ಯಾವಾಗಲೋ ರೀಲಿಗೆ ಕಲ್ಲು ಸಿಕ್ಕಿ ಎಂಜಿನ್ ಒಮ್ಮೆಗೇ ನಿಂತಿರಬೇಕು, ಏಕೆಂದರೆ ಒಂದು ಬ್ಲೇಡಿನ ಅಂಚಿನಲ್ಲಿ ಅದಕ್ಕೆ ಹೊಂದುವ ತಗ್ಗೂ ಇತ್ತು. ಕೀಲಿ ಅಷ್ಟು ಜರುಗಿದರೆ ಕಿಡಿ ತಪ್ಪಾದ ಹೊತ್ತಿಗೆ ಬೀಳುತ್ತದೆ. ಒಂದು ಲೋಟ ಚಹಾದ ಖರ್ಚಿಗಿಂತಲೂ ಕಡಿಮೆಯ ಆ ಕೀಲಿಯನ್ನು ಬದಲಿಸಿದ ಮೇಲೆ ಎರಡನೆಯ ಎಳೆತಕ್ಕೆ ಎಂಜಿನ್ ಹಿಡಿದುಕೊಂಡಿತು. ಹಳೆಯ ಯಂತ್ರ ಕೈಗೆತ್ತಿಕೊಳ್ಳುವವರು ಫ್ಲೈವೀಲ್ ಕಳಚಿದ ಮೊದಲ ದಿನವೇ ಕೀಲಿಯನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದು ನೋಡಬೇಕು, ಅದರ ಸೀಳಿನಲ್ಲಿಯೇ ಇದ್ದಂತೆ ನೋಡಿದರೆ ಆ ಜರುಗು ಕಾಣುವುದಿಲ್ಲ.

ತುಕ್ಕು ತೆಗೆಯುವ ವಿಷಯದಲ್ಲಿ ನಾನು ಸ್ವಲ್ಪ ದಾರಿ ಬಿಟ್ಟು ಹೋದೆ, ಆದರೆ ಅದರಿಂದ ನಷ್ಟವಾಗಲಿಲ್ಲ. ಹುಲ್ಲಿನ ಬುಟ್ಟಿಯ ಕೊಕ್ಕೆಗಳು, ಎತ್ತರ ಹೊಂದಿಸುವ ಕಡ್ಡಿಗಳು, ಚೈನ್ ಮುಚ್ಚಳದ ಪಟ್ಟಿಗಳು, ಹೀಗೆ ಒಂದೇ ಬಗೆಯ ತುಕ್ಕು ಹಿಡಿದ ಸಣ್ಣ ಭಾಗಗಳನ್ನು ಮೂರು ಗುಂಪು ಮಾಡಿದೆ. ಒಂದನ್ನು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿದ ಬಕೆಟ್ಟಿನಲ್ಲಿ ಮುಳುಗಿಸಿದೆ, ಇನ್ನೊಂದನ್ನು ಸಿಟ್ರಿಕ್ ಆಸಿಡ್ಡಿನಲ್ಲಿ, ಮತ್ತೊಂದನ್ನು ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನ 12 ವೋಲ್ಟ್ ಕೊಟ್ಟು ಇಟ್ಟೆ. ಸಿಟ್ರಿಕ್ ಆಸಿಡ್ ಒಂದು ರಾತ್ರಿಯಲ್ಲಿ ಕೆಲಸ ಮುಗಿಸಿತು, ಆದರೆ ಮರೆತು ಎರಡು ದಿನ ಬಿಟ್ಟ ಕೊಕ್ಕೆಯೊಂದರ ಮೈ ಒರಟಾಯಿತು. ವಿದ್ಯುತ್ತಿನ ವಿಧಾನ ಬಣ್ಣವನ್ನೂ ಸಡಿಲಿಸಿತು, ಲೋಹವನ್ನು ತಿನ್ನಲಿಲ್ಲ. ಭಾಗ ಋಣಾಗ್ರಕ್ಕೆ, ಬಲಿಗೊಡುವ ಕಬ್ಬಿಣದ ತುಂಡು ಧನಾಗ್ರಕ್ಕೆ, ಜಾಗ ಬಯಲಿನಲ್ಲಿ, ಧನಾಗ್ರಕ್ಕೆ ಸ್ಟೇನ್‌ಲೆಸ್ ಉಕ್ಕು ಎಂದಿಗೂ ಬೇಡ, ಅಲ್ಯೂಮಿನಿಯಂ ಭಾಗ ಆ ನೀರಿಗೆ ಇಳಿಯಬಾರದು ಎಂಬುದೆಲ್ಲ ತಿಳಿದದ್ದೇ. ಕಾಕಂಬಿ ಎರಡು ವಾರಕ್ಕೂ ಮಿಕ್ಕಿ ತೆಗೆದುಕೊಂಡಿತು, ವಾಸನೆ ಸಹಿಸಲಾಗದಷ್ಟಿತ್ತು, ಆದರೆ ಹೊರಬಂದ ಕಡ್ಡಿಗಳ ಮೈ ಮೂರರಲ್ಲಿಯೂ ಅತ್ಯಂತ ನಯವಾಗಿತ್ತು. ಚೈನನ್ನು ಮಾತ್ರ ಯಾವುದಕ್ಕೂ ಹಾಕದೆ, ಸೀಮೆಎಣ್ಣೆಯಲ್ಲಿ ಒಂದು ವಾರ ನೆನೆಸಿ, ಬಿಸಿ ಎಣ್ಣೆಯಲ್ಲಿ ಅದ್ದಿ ತೆಗೆದೆ. ರೀಲಿಗೆ ವಿದ್ಯುತ್ತೂ ಬೇಡ, ಆಸಿಡ್ಡೂ ಬೇಡ ಎಂದು ತಂತಿ ಬ್ರಷ್ಷನ್ನಷ್ಟೇ ಬಳಸಿದೆ. ಗಡಸು ಉಕ್ಕಿನ ಬ್ಲೇಡು ಅಂಥ ತೊಟ್ಟಿಯಲ್ಲಿ ಹೈಡ್ರೋಜನ್ ಹೀರಿ ಪೆಡಸಾಗುವ ಅಪಾಯವಿದೆ, ಅಂಚಿನಲ್ಲಿ ಒಂದು ಸಿಪ್ಪೆ ಹಾರಿದರೂ ಅದನ್ನು ಮತ್ತೆ ತುಂಬಲಾಗುವುದಿಲ್ಲ.

ಈಗ ರೀಲಿನ ಮಾತು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಗಿರಣಿ ಯಂತ್ರವನ್ನು ಕಂಡು ಈ ಬಗೆಯ ಹುಲ್ಲು ಯಂತ್ರಕ್ಕೆ ಪೇಟೆಂಟ್ ಪಡೆದಂದಿನಿಂದ ಇಂದಿನವರೆಗೆ ಇದರ ಮರ್ಮ ಬದಲಾಗಿಲ್ಲ. ಇದು ಕತ್ತರಿ, ಕುಡುಗೋಲಲ್ಲ. ತಿರುಗುವ ಬ್ಲೇಡೂ ಕೆಳಬ್ಲೇಡೂ ಉದ್ದಕ್ಕೂ ಒಂದನ್ನೊಂದು ಕೂದಲೆಳೆಯಷ್ಟೇ ತಾಗಿಕೊಂಡು ಹಾದುಹೋಗಬೇಕು. ನನ್ನ ರೀಲನ್ನು ಕ್ಯಾಲಿಪರಿನಿಂದ ಅಳೆದಾಗ ಎಡತುದಿಯಲ್ಲಿ ವ್ಯಾಸ ಸುಮಾರು 125.4 ಮಿ.ಮೀ., ಬಲತುದಿಯಲ್ಲಿ 124.8 ಮಿ.ಮೀ., ನಡುವೆ ಇವೆರಡಕ್ಕಿಂತಲೂ ಕಡಿಮೆ ಇತ್ತು. ಒಂದು ಕಡೆಗೆ ಇಳಿಜಾರಾದ ರೀಲಿಗೆ ಕೆಳಬ್ಲೇಡನ್ನು ಓರೆಯಾಗಿ ಹೊಂದಿಸಿ ಹೇಗೋ ಕೆಲಸ ಮಾಡಿಸಬಹುದು. ಹುಲ್ಲು ಒಂದು ಬದಿಗೆ ತುಸು ಎತ್ತರವಾಗಿ ಉಳಿಯುತ್ತದೆ, ಒಂದು ಬದಿಯ ಹೊಂದಾಣಿಕೆಯ ತಿರುಪು ಬೇಗ ಕೊನೆ ಮುಟ್ಟುತ್ತದೆ, ಅಷ್ಟೇ. ನಡು ಸವೆದ ರೀಲಿಗೆ ಮಾತ್ರ ಯಾವ ತಿರುಪೂ ಮದ್ದಲ್ಲ. ಎರಡು ತುದಿಗಳು ಕಿರುಗುಟ್ಟುತ್ತಿರುವಾಗಲೂ ನಡುವಿನ ಹುಲ್ಲು ಬಾಗಿ, ಕತ್ತರಿಸಿಕೊಳ್ಳದೆ, ಹಿಂದೆ ಎದ್ದು ನಿಲ್ಲುತ್ತದೆ. ಬರೀ ಸಾಣೆ ಪೇಸ್ಟ್ ಹಚ್ಚಿ ರೀಲನ್ನು ಹಿಮ್ಮುಖವಾಗಿ ತಿರುಗಿಸಿದರೆ ಇದು ಸರಿಹೋಗುವುದಿಲ್ಲವೆಂಬುದು ನನಗೂ ಗೊತ್ತಿತ್ತು. ಪೇಸ್ಟು ಅಂಚನ್ನು ಹದ ಮಾಡುತ್ತದೆ, ಆಕಾರವನ್ನು ತಿದ್ದುವುದಿಲ್ಲ.

ನನ್ನ ಯೋಚನೆ ಸರಳವಾಗಿತ್ತು. ಕೆಳಬ್ಲೇಡು ಕೂರುವ ಜಾಗದಲ್ಲಿ ಅದೇ ಉದ್ದದ ಚಪ್ಪಟೆ ಉಕ್ಕಿನ ಪಟ್ಟಿಯೊಂದನ್ನು ಬಿಗಿದು, ಅದರ ಮೇಲೆ 80 ಗ್ರಿಟ್ಟಿನ ಎಮರಿ ಬಟ್ಟೆಯನ್ನು ಅಂಟಿಸಿ, ರೀಲಿನ ದಂಡಕ್ಕೆ ಡ್ರಿಲ್ ಜೋಡಿಸಿ ಹಿಮ್ಮುಖವಾಗಿ ತಿರುಗಿಸುತ್ತಾ, ಹೊಂದಾಣಿಕೆಯ ತಿರುಪುಗಳಿಂದಲೇ ಪಟ್ಟಿಯನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ತರುವುದು. ಯಂತ್ರವೇ ತನ್ನ ಲೇತ್ ಆಗಬೇಕು. ಗ್ರೈಂಡಿಂಗ್ ಯಂತ್ರವಿರುವ ಪರಿಚಿತರೊಬ್ಬರು ಇದನ್ನು ಕೇಳಿ, ಪಟ್ಟಿ ಎಲ್ಲಿ ಸಡಿಲವೋ ರೀಲು ಅಲ್ಲಿ ಉಬ್ಬುತ್ತದೆ ಎಂದರು. ಅವರ ಮಾತಿನ ಅರ್ಥ ಆ ದಿನ ನನಗೆ ಪೂರ್ತಿ ಇಳಿಯಲಿಲ್ಲ.

ಕೆಳಬ್ಲೇಡು ಕಳಚುವುದೇ ಒಂದು ದೊಡ್ಡ ಕೆಲಸವಾಯಿತು. ಏಳು ತಿರುಪುಗಳಲ್ಲಿ ಐದು ಬಿಸಿ ಮತ್ತು ಇಂಪ್ಯಾಕ್ಟ್ ಡ್ರೈವರಿಗೆ ಮಣಿದವು, ಎರಡರ ತಲೆ ಹಾರಿತು. ತಲೆ ಹಾರಿದ ತಿರುಪನ್ನು ಕೊರೆಯುವಾಗ ಡ್ರಿಲ್ಲಿನ ಮೊನೆ ನಡುವಿನಿಂದ ಜಾರಿ ಒಂದು ತೂತು ಅಗಲವಾಯಿತು, ಅದಕ್ಕೆ ಅನಂತರ ಒಂದು ಅಳತೆ ದೊಡ್ಡ ತಿರುಪನ್ನು ಮಾಡಿಸಬೇಕಾಯಿತು. ಬ್ಲೇಡು ಹೊರಬಂದ ಮೇಲೆ ಅದು ಕೂರುವ ಮೈಯಲ್ಲಿ ಮೆತ್ತಿದ್ದ ತುಕ್ಕನ್ನು ಉಗುರಿಗೆ ತೊಡಕು ಸಿಗದಷ್ಟು ತೆಗೆದೆ. ಅಲ್ಲಿ ಒಂದು ಚೂರು ಉಳಿದರೂ ಹೊಸ ಬ್ಲೇಡು ತಿರುಪು ಬಿಗಿದಾಗ ಬಿಲ್ಲಿನಂತೆ ಬಾಗುತ್ತದೆ.

ಮೊದಲ ಪ್ರಯತ್ನದಲ್ಲಿ ಕೈಗೆ ಸಿಕ್ಕಿದ 5 ಮಿ.ಮೀ. ದಪ್ಪದ ಪಟ್ಟಿಯನ್ನು ಬಳಸಿದೆ. ಹಳೆಯ ಬೇರಿಂಗುಗಳನ್ನೇ ಗ್ರೀಸ್ ತುಂಬಿ ಇಟ್ಟುಕೊಂಡೆ, ಹೇಗೂ ಕೊನೆಗೆ ಹೊಸವನ್ನು ಹಾಕುತ್ತೇನಲ್ಲ ಎಂಬ ಲೆಕ್ಕ ನನ್ನದು. ಸುಮಾರು ಎರಡು ಗಂಟೆ ಕಿಡಿಯೂ ಧೂಳೂ ಹಾರಿದ ಮೇಲೆ ಆರೂ ಬ್ಲೇಡುಗಳ ಅಂಚು ಬೆಳ್ಳಗೆ ಹೊಳೆಯತೊಡಗಿತು, ನೋಡಲು ಬಹಳ ಚೆನ್ನಾಗಿತ್ತು. ಕ್ಯಾಲಿಪರ್ ಹಿಡಿದರೆ ನಡುವೆ ಸವೆದಿದ್ದ ರೀಲು ಈಗ ನಡುವೆ ಉಬ್ಬಿತ್ತು. ತೆಳುವಾದ ಪಟ್ಟಿ ಒತ್ತಡಕ್ಕೆ ನಡುವೆ ಬಾಗಿ ಹಿಂದೆ ಸರಿದಿತ್ತು, ತುದಿಗಳು ಮಾತ್ರ ಹೆಚ್ಚು ಸವೆದಿದ್ದವು. ಅದಕ್ಕಿಂತ ದೊಡ್ಡ ತಪ್ಪು ಬೇರಿಂಗಿನದು. ಡಯಲ್ ಗೇಜ್ ಇಟ್ಟು ದಂಡವನ್ನು ಎತ್ತಿ ಇಳಿಸಿ ನೋಡಿದರೆ ಬಲಬದಿಯಲ್ಲಿ 0.3 ಮಿ.ಮೀ. ಸಡಿಲವಿತ್ತು. ಡ್ರಿಲ್ಲಿನ ಎಳೆತಕ್ಕೆ ದಂಡ ಒಂದು ಮಗ್ಗುಲಿಗೆ ಒರಗಿಕೊಂಡು ತಿರುಗಿತ್ತು. ಹಾಗೆ ಉಜ್ಜಿದ ರೀಲು ಹೊಸ ಬೇರಿಂಗಿನ ಮೇಲೆ ಬೇರೆಯೇ ಕೇಂದ್ರದಲ್ಲಿ ತಿರುಗುತ್ತದೆ, ಅಂದರೆ ಇಡೀ ಶ್ರಮ ವ್ಯರ್ಥ. ಬೇರಿಂಗ್ ಮೊದಲು, ಸಾಣೆ ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದ ನಾನು ರೀಲಿನ ಆಯುಷ್ಯದಲ್ಲಿ ಅರ್ಧ ಮಿಲಿಮೀಟರಿನಷ್ಟನ್ನು ಕಳೆದುಕೊಂಡೆ.

ಎರಡನೆಯ ಪ್ರಯತ್ನಕ್ಕೆ ಹೊಸ ಸೆಲ್ಫ್ ಅಲೈನಿಂಗ್ (ದಂಡದ ಓರೆಗೆ ತಾವೇ ಹೊಂದಿಕೊಳ್ಳುವ) ಬೇರಿಂಗುಗಳನ್ನು ತರಿಸಿದೆ. ಅಗ್ಗದ ಜೋಡಿಯನ್ನು ಕೊಂಡದ್ದು ಇನ್ನೊಂದು ನಷ್ಟ. ಅವು ಹೊಸದರಲ್ಲಿಯೇ ಒರಟಾಗಿ ತಿರುಗುತ್ತಿದ್ದವು, ಮರಳಿಸಲು ಆಗಲಿಲ್ಲ, ಮತ್ತೆ ಒಳ್ಳೆಯ ಜೋಡಿಗೆ ಮೂರು ಪಟ್ಟು ಕೊಡಬೇಕಾಯಿತು. ಪಟ್ಟಿಯನ್ನು 12 ಮಿ.ಮೀ. ದಪ್ಪದ್ದಕ್ಕೆ ಬದಲಿಸಿ, ದಪ್ಪ ಗಾಜಿನ ಮೇಲೆ ಬಣ್ಣ ಹಚ್ಚಿ ಉಜ್ಜಿ ಅದರ ಮೈ ಸಮತಟ್ಟಾಗಿದೆಯೆಂದು ಖಚಿತ ಮಾಡಿಕೊಂಡೆ. ಅನಂತರ ಎಂದಿನ ರೂಢಿಯಂತೆ, ಪಟ್ಟಿಗೂ ರೀಲಿಗೂ ನಡುವೆ ಎರಡು ತುದಿಯಲ್ಲಿ ಕಾಗದದ ಚೂರಿಟ್ಟು ಒಂದೇ ಬಿಗಿ ಬರುವಂತೆ ಹೊಂದಿಸಿ ಆರಂಭಿಸಿದೆ. ಒಂದು ಗಂಟೆಯ ನಂತರ ಉಬ್ಬು ಹೋಗಿತ್ತು, ಸ್ಟ್ರೇಟ್ ಎಡ್ಜ್ ಇಟ್ಟರೆ ಅಡಿಯಲ್ಲಿ ಬೆಳಕಿನ ಒಂದೆಳೆಯೂ ಇಣುಕುತ್ತಿರಲಿಲ್ಲ. ಆದರೆ ಎಡಬಲಗಳ ವ್ಯಾಸದಲ್ಲಿ ಅದೇ 0.6 ಮಿ.ಮೀ. ವ್ಯತ್ಯಾಸ ಹಾಗೆಯೇ ಕೂತಿತ್ತು. ಯೋಚಿಸಿದರೆ ಕಾರಣ ಕಣ್ಣೆದುರೇ ಇತ್ತು. ಇಳಿಜಾರಾದ ರೀಲಿನ ಮೈಗೆ ಪಟ್ಟಿಯನ್ನು ಹೊಂದಿಸಿದರೆ ಪಟ್ಟಿಯೂ ಅದೇ ಇಳಿಜಾರನ್ನು ಹಿಡಿಯುತ್ತದೆ, ಉಜ್ಜಿದಷ್ಟೂ ಅದೇ ಆಕಾರ ಚಿಕ್ಕದಾಗುತ್ತಾ ಹೋಗುತ್ತದೆ.

ಮೂರನೆಯ ಸಲ ರೀಲಿನ ಮೈಯನ್ನು ನಂಬುವುದನ್ನೇ ಬಿಟ್ಟೆ. ರೀಲಿನ ದಂಡದ ಎರಡು ತುದಿಗಳಲ್ಲಿ, ಬೇರಿಂಗಿನ ಪಕ್ಕದಲ್ಲಿ, ಸವೆಯದೆ ಉಳಿದ ದುಂಡಗಿನ ಮೈ ಇರುತ್ತದೆ. ಅಲ್ಲಿಂದ ಪಟ್ಟಿಯವರೆಗಿನ ದೂರವನ್ನು ಎರಡೂ ಕಡೆ ಒಂದೇ ಆಗುವಂತೆ ಹೊಂದಿಸಿದೆ. ಇದಕ್ಕೆ ನಾನು ಕ್ಯಾಲಿಪರ್ ಬಳಸಲಿಲ್ಲ, ಗಟ್ಟಿ ಕಡ್ಡಿಯೊಂದನ್ನು ಅರದಿಂದ ತಿದ್ದಿ, ದಂಡಕ್ಕೂ ಪಟ್ಟಿಗೂ ನಡುವೆ ತಡೆದು ತಡೆದು ಜಾರುವ ಅಳತೆಗೆ ತಂದು, ಅದನ್ನೇ ಎರಡೂ ಬದಿಗೆ ಇಟ್ಟು ನೋಡಿದೆ. ಕ್ಯಾಲಿಪರಿನ ಅಂಕಿಗಿಂತ ಬೆರಳಿಗೆ ಸಿಗುವ ಆ ತಡೆ ಹೆಚ್ಚು ನಂಬಿಕೆಯದು. ಈಗ ಡ್ರಿಲ್ ತಿರುಗಿಸಿದಾಗ ಎಡಭಾಗದ ಮೂರು ಬೆರಳಗಲ ಮಾತ್ರ ಎಮರಿಗೆ ತಾಗಿತು, ಉಳಿದ ಉದ್ದವೆಲ್ಲ ಮುಟ್ಟದೆ ಹಾದುಹೋಗುತ್ತಿತ್ತು. ಆ ಸದ್ದು ಕೇಳಿದಾಗಲೇ ಈ ಸಲ ಕೆಲಸ ಆಗುತ್ತದೆಂದು ನನಗೆ ತಿಳಿಯಿತು. ತಿರುಪುಗಳನ್ನು ಎರಡೂ ಬದಿಗೆ ಸಮವಾಗಿ, ಒಂದು ಸುತ್ತಿನ ಎಂಟನೆಯ ಒಂದು ಭಾಗದಂತೆ ಬಿಗಿಯುತ್ತಾ ಹೋದಂತೆ ಹೊಳಪು ಎಡದಿಂದ ಬಲಕ್ಕೆ ಅಂಗುಲ ಅಂಗುಲವಾಗಿ ಹರಿಯಿತು. ಬ್ಲೇಡುಗಳ ಅಂಚಿಗೆ ನೀಲಿ ಶಾಯಿ ಹಚ್ಚಿಟ್ಟುಕೊಂಡಿದ್ದರಿಂದ ಎಲ್ಲಿಯವರೆಗೆ ತಾಗಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಯ ನೀಲಿ ಚುಕ್ಕೆ ಬಲತುದಿಯ ಮೂರನೆಯ ಬ್ಲೇಡಿನ ಮೇಲೆ, ಹಳೆಯ ಕಲ್ಲಿನ ತಗ್ಗಿನ ಬಳಿ ಉಳಿದುಕೊಂಡಿತ್ತು. ಅದು ಅಳಿಸಿಹೋಗಲು ಇನ್ನೂ ಅರ್ಧ ಗಂಟೆ ಬೇಕಾಯಿತು.

ವೇಗ ನಿಮಿಷಕ್ಕೆ ಸುಮಾರು 300 ಸುತ್ತು ಇರಬಹುದು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ರೀಲು ಪೂರ್ತಿ ತಣ್ಣಗಾದ ಮೇಲಷ್ಟೇ ಅಳೆದೆ. ಬಿಸಿಯಿದ್ದಾಗ ಉಕ್ಕು ಹಿಗ್ಗಿರುತ್ತದೆ, ಆಗ ತೆಗೆದ ಅಳತೆ ಮೋಸ ಮಾಡುತ್ತದೆ. ಬೇರಿಂಗುಗಳ ಬಾಯಿಗೆ ಬಟ್ಟೆ ಸುತ್ತಿದ್ದೆ, ಎಮರಿ ಧೂಳು ಒಳಗೆ ಹೋದರೆ ಅಲ್ಲಿಗೆ ಹೊಸ ಬೇರಿಂಗಿನ ಕಥೆ ಮುಗಿಯುತ್ತದೆ. ಎಮರಿ ಬಟ್ಟೆಯನ್ನು ನಾಲ್ಕು ಸಲ ಬದಲಿಸಿದೆ. ಬದಲಿಸುವಾಗ ಹಳೆಯ ಅಂಟಿನ ಒಂದು ಗಂಟು ಉಳಿದರೂ ಅದು ರೀಲಿನ ಮೇಲೆ ಅಚ್ಚೊತ್ತುತ್ತದೆ ಎಂಬುದನ್ನು ಒಮ್ಮೆ ಅನುಭವಿಸಿ ಕಲಿತೆ. ಕೊನೆಯಲ್ಲಿ ವ್ಯಾಸ ಉದ್ದಕ್ಕೂ ಸುಮಾರು 123.9 ಮಿ.ಮೀ., ಎಡಬಲಗಳ ವ್ಯತ್ಯಾಸ 0.03 ಮಿ.ಮೀ.ಗಿಂತ ಕಡಿಮೆ. ಗ್ರೈಂಡಿಂಗ್ ಯಂತ್ರದವರೇ ಬಂದು ತಮ್ಮ ಮೈಕ್ರೋಮೀಟರಿನಿಂದ ಅಳೆದು ನೋಡಿ, ತಮ್ಮಲ್ಲಿಗೆ ಬಂದಿದ್ದರೂ ಇದಕ್ಕಿಂತ ಹೆಚ್ಚೇನೂ ಸಿಗುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಆ ಮಾತಿನಿಂದ ನನಗಾದ ಸಂತೋಷ ಸಣ್ಣದಲ್ಲ.

ಹೀಗೆ ತಿರುಗಿಸಿ ಉಜ್ಜಿದ ರೀಲಿನಲ್ಲಿ ಒಂದು ದೋಷ ಉಳಿದೇ ಉಳಿಯುತ್ತದೆ. ಬ್ಲೇಡಿನ ದಪ್ಪವಿಡೀ ಒಂದೇ ಸಮಕ್ಕೆ ಬಂದಿರುವುದರಿಂದ ಅಂಚು ಅಗಲವಾಗಿ ಕೆಳಬ್ಲೇಡಿನ ಮೇಲೆ ಉಜ್ಜುತ್ತದೆ, ಎಂಜಿನ್ನಿಗೆ ಭಾರವಾಗುತ್ತದೆ, ಬೇಗ ಬಿಸಿಯಾಗಿ ಬೇಗ ಮೊಂಡಾಗುತ್ತದೆ. ಕತ್ತರಿಸುವ ಅಂಚಿನಲ್ಲಿ ಸುಮಾರು ಒಂದು ಮಿಲಿಮೀಟರ್ ಸಮತಟ್ಟನ್ನು ಉಳಿಸಿ ಅದರ ಹಿಂಬದಿಯನ್ನು ಇಳಿಜಾರಾಗಿ ತೆಗೆಯಬೇಕು. ಸುರುಳಿಯಾಕಾರದ ಬ್ಲೇಡಿನ ಮೇಲೆ ಇದನ್ನು ಬರಿಗೈಯಲ್ಲಿ ಅರ ಹಿಡಿದು ಮಾಡಿದರೆ ಒಂದೆಡೆ ಆಳ, ಒಂದೆಡೆ ಮೇಲು ಆಗುವುದು ಖಂಡಿತ. ನಾನು ಅರವನ್ನು ಹಿಡಿದಿಡಲು ಸಣ್ಣದೊಂದು ಜಿಗ್ ಮಾಡಿಕೊಂಡೆ, ಅದು ರೀಲಿನ ಸುರುಳಿಯನ್ನೇ ಅನುಸರಿಸಿ ಜಾರುತ್ತದೆ, ಇಳಿಜಾರಿನ ಕೋನ ತುದಿಯಿಂದ ತುದಿಗೆ ಬದಲಾಗುವುದಿಲ್ಲ. ಅದರ ರಚನೆಯನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಯಂತ್ರಗಳ ಮೇಲೆ ಪರೀಕ್ಷಿಸಬೇಕಾಗಿದೆ. ಜಿಗ್ ಇಲ್ಲದವರು ಕೈಗೆ ಸಿಗುವ ಸಣ್ಣ ಬೆಲ್ಟ್ ಸಾಣೆ ಯಂತ್ರದಿಂದಲೂ ತಾಳ್ಮೆಯಿಂದ ಮಾಡಬಹುದು, ಆದರೆ ಉಳಿಸಬೇಕಾದ ಆ ಒಂದು ಮಿಲಿಮೀಟರಿಗೆ ಶಾಯಿ ಹಚ್ಚದೆ ಕೈ ಹಾಕಬಾರದು.

ಹೊಸ ಕೆಳಬ್ಲೇಡು ಹೊಸದೆಂಬ ಕಾರಣಕ್ಕೆ ನೇರವಾಗಿರುತ್ತದೆಂದು ಭಾವಿಸುವವರು ಬಹಳ. ನನ್ನದನ್ನು ತಿರುಪು ಬಿಗಿದ ಮೇಲೆ ನೋಡಿದಾಗ ನಡುವೆ 0.2 ಮಿ.ಮೀ.ನಷ್ಟು ಏರಿತ್ತು. ಗಾಜಿನ ಮೇಲೆ ಅಂಟಿಸಿದ ಎಮರಿ ಹಾಳೆಯ ಮೇಲೆ ಬ್ಲೇಡು ಕೂರುವ ಬೆಡ್ ಸಮೇತ ಹಿಂದೆ ಮುಂದೆ ಎಳೆದು, ಮುಂಭಾಗವನ್ನು ಅರದಿಂದ ಸುಮಾರು 5 ಡಿಗ್ರಿ ಒಳಕ್ಕೆ ಓರೆ ಮಾಡಿದೆ. ಅನಂತರವೇ ಪೇಸ್ಟಿನ ಸರದಿ. 120 ಗ್ರಿಟ್ಟಿನ ಕಾರ್ಬೊರಂಡಮ್ ಪುಡಿಯನ್ನು ಎಣ್ಣೆಯಲ್ಲಿ, ಗ್ರೀಸಿನಲ್ಲಿ, ದ್ರವ ಸೋಪಿನಲ್ಲಿ, ಮೂರರಲ್ಲಿಯೂ ಕಲಸಿ ನೋಡಿದೆ. ಎಣ್ಣೆಯದು ರೀಲು ತಿರುಗಿದಂತೆ ಹಾರಿಹೋಯಿತು, ಗ್ರೀಸಿನದು ಬ್ಲೇಡಿನ ಮೂಲೆಗಳಲ್ಲಿ ಕೂತು ತೊಳೆದರೂ ಬರಲಿಲ್ಲ, ಸೋಪಿನದು ನೀರು ಬಿದ್ದೊಡನೆ ಬಿಟ್ಟುಕೊಂಡಿತು. ಸೋಪಿಗೆ ನಾನು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ, ಅದು ಪುಡಿಯನ್ನು ಅಂಚಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಉದ್ದ ಹಿಡಿಯ ಬ್ರಷ್ಷಿನಿಂದ ಹಚ್ಚುತ್ತಾ ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿದಾಗ ಮೊದಲು ಕರಕರ ಸದ್ದು, ಬರಬರುತ್ತಾ ಒಂದೇ ಸಮನೆಯ ಪಿಸುಮಾತಿನಂಥ ಸದ್ದು. ಅದು ಬಂದಾಗ ನಿಲ್ಲಿಸಿ, ಪುಡಿಯ ಒಂದು ಕಣವೂ ಉಳಿಯದಂತೆ ತೊಳೆದು, ಕೆಳಬ್ಲೇಡಿನ ಮುಂದೆ ಎದ್ದ ಲೋಹದ ಒರಟು ಅಂಚನ್ನು ಅರದಿಂದ ಒಂದೇ ಒಂದು ಸಲ ಸವರಿದೆ.

ಪತ್ರಿಕೆಯ ಒಂದು ಪಟ್ಟಿಯನ್ನು ಇಟ್ಟು ರೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಎಡತುದಿಯಿಂದ ಬಲತುದಿಯವರೆಗೆ ಹದಿನಾಲ್ಕು ಕಡೆ, ಆರೂ ಬ್ಲೇಡುಗಳಿಗೆ, ಕಾಗದ ಹರಿಯದೆ ಕತ್ತರಿಸಿಕೊಂಡು ಬಿತ್ತು. ಒದ್ದೆ ಮಾಡಿದ ಕಾಗದವನ್ನೂ ಇಟ್ಟು ನೋಡಿದೆ. ಒಣಗಿದ್ದನ್ನು ಕತ್ತರಿಸುವ ಎಷ್ಟೋ ರೀಲುಗಳು ಒದ್ದೆ ಕಾಗದವನ್ನು ಮಡಿಸಿ ಒಳಗೆ ಎಳೆದುಕೊಳ್ಳುತ್ತವೆ, ಇದು ಅದನ್ನೂ ಸ್ವಚ್ಛವಾಗಿ ಕತ್ತರಿಸಿತು. ಹುಲ್ಲಿನ ಮೇಲೆ ಇಳಿಸಿದ ದಿನ ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಸ್ಪ್ರಿಂಗನ್ನು ತಪ್ಪು ತೂತಿಗೆ ಸಿಕ್ಕಿಸಿದ್ದರಿಂದ ಎಂಜಿನ್ ವಿಪರೀತ ವೇಗವಾಗಿ ಓಡಿತು, ಕೂಡಲೇ ನಿಲ್ಲಿಸಿ ಸರಿಪಡಿಸಿದೆ. ಆಮೇಲಿನ ಕಡಿತ ನಾನು ನೋಡಿದ ಯಾವ ಹೊಸ ಯಂತ್ರಕ್ಕೂ ಸಾಟಿಯಾಗುವಂಥದ್ದು. ಎಲೆಯ ತುದಿಗಳು ಸೀಳದೆ ನೇರವಾಗಿ ತುಂಡಾಗಿದ್ದವು, ಎರಡು ದಿನ ಕಳೆದರೂ ತುದಿ ಬಿಳಿಚಿಕೊಳ್ಳಲಿಲ್ಲ. ಯಂತ್ರವನ್ನು ಒಂದು ಮೀಟರ್ ತಳ್ಳಿ ಎಣಿಸಿದಾಗ ರೀಲು ಹನ್ನೊಂದು ಸುತ್ತಿಗೆ ತುಸು ಮೇಲೆ ತಿರುಗಿತು, ಅಂದರೆ ಮೀಟರಿಗೆ 66ಕ್ಕೂ ಹೆಚ್ಚು ಕಡಿತ.

ಖರ್ಚಿನ ಲೆಕ್ಕ ಹೀಗಿದೆ. ಒಟ್ಟು ಹಣದ ಅರ್ಧಕ್ಕೂ ಹೆಚ್ಚು ಪಾಲು ಬೇರಿಂಗ್ ಮತ್ತು ಕೆಳಬ್ಲೇಡಿಗೆ ಹೋಯಿತು. ಎಮರಿ, ಪುಡಿ, ಉಕ್ಕಿನ ಪಟ್ಟಿ ಎಲ್ಲ ಸೇರಿ ಹತ್ತನೆಯ ಒಂದು ಭಾಗವೂ ಆಗಲಿಲ್ಲ. ಹೊಂದದ ಕಿಟ್ಟು, ಅಗ್ಗದ ಬೇರಿಂಗು, ಅವಸರದಲ್ಲಿ ಕೊಂಡು ಬಳಸದ, ಕಿಡಿ ಹುಟ್ಟಿಸುವ ಹೊಸ ಕಾಯಿಲ್, ಈ ಮೂರಕ್ಕೆ ಐದನೆಯ ಒಂದು ಭಾಗ ವ್ಯರ್ಥವಾಗಿ ಹೋಯಿತು, ಅದರ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಹಾಗಿದ್ದರೂ ಇಡೀ ಮೊತ್ತ ಗ್ರೈಂಡಿಂಗಿಗೆ ಮಾತ್ರ ಕೇಳಿದ್ದ ಹಣಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ಸಮಯ ಲೆಕ್ಕಕ್ಕೆ ಹಿಡಿದರೆ ಸುಮಾರು ಐದು ತಿಂಗಳ ವಾರಾಂತ್ಯಗಳು, ಅದರಲ್ಲಿ ರೀಲಿನದೇ ಎರಡು ತಿಂಗಳು. ಈಗ ಇನ್ನೊಂದು ರೀಲು ಕೊಟ್ಟರೆ, ಬೇರಿಂಗ್ ಕೈಯಲ್ಲಿದ್ದರೆ, ಎರಡು ದಿನಗಳಲ್ಲಿ ಮುಗಿಸಬಲ್ಲೆ.

ಹಂಗಾಮು ಮುಗಿದಾಗ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ರೀಲನ್ನು ಬ್ರಷ್ಷಿನಿಂದ ತೊಳೆದು ಎಣ್ಣೆ ಸವರಿದೆ. ಅದಕ್ಕೆ ಮೊದಲು ಮತ್ತೊಮ್ಮೆ ಅಳೆದೆ. ಎಡಬಲಗಳ ವ್ಯತ್ಯಾಸ 0.05 ಮಿ.ಮೀ. ಇತ್ತು, ಇಡೀ ಹಂಗಾಮಿನಲ್ಲಿ ತಿರುಪುಗಳನ್ನು ಎರಡೇ ಸಲ, ಪ್ರತಿ ಸಲವೂ ಎಂಟನೆಯ ಒಂದು ಸುತ್ತಿನಷ್ಟು ಬಿಗಿದಿದ್ದೆ. ರೋಲರಿನ ಎಡ ಬುಷ್ ಇನ್ನೂ ತುಸು ಕಿರುಗುಟ್ಟುತ್ತದೆ, ಅದಕ್ಕೆ ಬೇಕಾದ ಕಂಚಿನ ತುಂಡನ್ನು ತಂದಿಟ್ಟಿದ್ದೇನೆ.